ಉಸಿರು ಎಣಿಸಿದ ರಾತ್ರಿ

ರಾತ್ರಿ ಎರಡೂಕಾಲು ಗಂಟೆ. ಆಸ್ಪತ್ರೆಯ ವಾರ್ಡಿನಲ್ಲಿ ಬ್ರದರ್, ಅಂದರೆ ಗಂಡು ನರ್ಸ್, ನಮ್ಮ ತಾತನ ಮಣಿಕಟ್ಟು ಹಿಡಿದು ನಿಂತಿದ್ದರು. ನಾಡಿ ನೋಡುತ್ತಿದ್ದಾರೆ ಅಂದುಕೊಂಡೆ. ಅರ್ಧ ನಿಮಿಷ ಆಯಿತು, ಒಂದು ನಿಮಿಷ ಆಯಿತು, ಕೈ ಬಿಡಲಿಲ್ಲ. ಅವರ ಕಣ್ಣು ಒಮ್ಮೆ ವಾಚಿನ ಮೇಲೆ, ಒಮ್ಮೆ ತಾತನ ಎದೆಯ ಮೇಲೆ ಹೋಗಿ ಬರುತ್ತಿತ್ತು. ಆಮೇಲೆ ಕೈಯನ್ನು ಮೆಲ್ಲಗೆ ಹಾಸಿಗೆ ಮೇಲಿಟ್ಟು, ಮಂಚದ ತಲೆಭಾಗವನ್ನು ಎತ್ತರ ಮಾಡಿ, ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ ಹಾಕಿದರು. 88 ತೋರಿಸಿತು.

"ತಮ್ಮಾ, ಗಾಬರಿ ಆಗಬ್ಯಾಡ. ಇಲ್ಲೇ ನಿಂದರು. ನಾ ಡಾಕ್ಟರಿಗೆ ಫೋನ್ ಮಾಡಿ ಬರ್ತೀನಿ" ಅಂದರು.

ತಾತ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾನೆ ಅಂತಲೇ ನಾನು ತಿಳಿದಿದ್ದೆ. ಸಂಜೆಯಿಂದ ಪಕ್ಕದಲ್ಲೇ ಕೂತಿದ್ದೆ. ನನಗೆ ಏನೂ ಕಂಡಿರಲಿಲ್ಲ.

ಆಗ ನಾನು ಸಿಇಟಿ ಬರೆದು ಒಂದು ವಾರವೂ ಆಗಿರಲಿಲ್ಲ. ನಮ್ಮದು ತಿಪಟೂರಿನ ಹತ್ತಿರದ ಹಳ್ಳಿ. ತಾತನಿಗೆ 76 ವರ್ಷ. ತೋಟದ ಬದು ದಾಟುವಾಗ ಒಣಗಿದ ಸೋಗೆಯ ಮೇಲೆ ಕಾಲಿಟ್ಟು ಜಾರಿ ಬಿದ್ದ. ಎಡಗಡೆ ಸೊಂಟದ ಮೂಳೆ ಮುರಿಯಿತು. ತುಮಕೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಹಗಲು ಅಪ್ಪ ಇರುತ್ತಿದ್ದ, ಸಂಜೆ ಬಸ್ಸಿಗೆ ಊರಿಗೆ ಹೋಗಿ ಹಸು, ತೋಟ ನೋಡಿಕೊಳ್ಳುತ್ತಿದ್ದ. ಗಂಡಸರ ವಾರ್ಡಿನಲ್ಲಿ ರಾತ್ರಿ ಹೆಂಗಸರನ್ನು ಬಿಡುತ್ತಿರಲಿಲ್ಲ. ಹಾಗಾಗಿ ರಾತ್ರಿ ನನ್ನ ಪಾಲಿಗೆ ಬಂತು. ಒಟ್ಟು ಹನ್ನೊಂದು ರಾತ್ರಿ.

ಮೊದಲನೇ ರಾತ್ರಿಯ ಮಾತು ಹೇಳಲೇಬೇಕು. ಆಪರೇಷನ್ ಇನ್ನೂ ಆಗಿರಲಿಲ್ಲ. ಬೆಡ್‌ಪ್ಯಾನ್ ತರುವಷ್ಟರಲ್ಲಿ ತಾತ ಹಾಸಿಗೆಯಲ್ಲೇ ಕಕ್ಕಸು ಮಾಡಿಕೊಂಡ. ನನಗೆ ಹೊಟ್ಟೆ ತೊಳೆಸಿ ಬಂತು. ಬಾಗಿಲ ಹತ್ತಿರ ಹೋಗಿ ನಿಂತುಬಿಟ್ಟೆ. ತಾತ ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡು, "ಯಾರನ್ನಾದ್ರೂ ಕರಿಯೋ ಮಗ, ನೀನ್ ಮುಟ್ಟಬೇಡ" ಅಂದ. ಊರಿನ ಜಗಳಕ್ಕೆಲ್ಲ ಕರೆಸಿ ಕೂರಿಸಿಕೊಳ್ಳುವ ಮನುಷ್ಯ ನಮ್ಮ ತಾತ. ಅವನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಬ್ರದರ್ ಬಂದರು. ಮೂವತ್ತರ ಆಸುಪಾಸಿನವರು, ವಿಜಯಪುರದ ಕಡೆಯವರು. ಮೊದಲು ಮಾಡಿದ ಕೆಲಸ ಮಂಚದ ಸುತ್ತ ಪರದೆ ಎಳೆದದ್ದು. ಆಮೇಲೆ ಗ್ಲೌಸ್ ಹಾಕಿಕೊಂಡರು. "ಅಜ್ಜಾರ, ಈಗ ನಿಮ್ಮನ್ನ ಬಲ ಮಗ್ಗಲಕ್ಕ ಹೊಳ್ಳಸ್ತೀನ್ರಿ. ಸ್ವಲ್ಪ ನೋವಾಗ್ತದ. ಮೊಮ್ಮಗ ಹಿಡಕೊಂಡಾನ, ಅಂಜಬ್ಯಾಡ್ರಿ." ಒಂದೊಂದನ್ನೂ ಮಾಡುವ ಮುಂಚೆ ಹೇಳುತ್ತಿದ್ದರು. ಈಗ ನೀರು ತಾಗ್ತದ, ಈಗ ಒರಸ್ತೀನಿ. ತೊಳೆಯುವ ಜಾಗ ಬಿಟ್ಟು ಉಳಿದ ಮೈಯನ್ನೆಲ್ಲ ಬಟ್ಟೆಯಿಂದ ಮುಚ್ಚೇ ಇಟ್ಟಿದ್ದರು. ಹಳೇ ಬೆಡ್‌ಶೀಟನ್ನು ಉದ್ದಕ್ಕೆ ಸುತ್ತಿ ತಾತನ ಬೆನ್ನಿನ ಹತ್ತಿರ ತಂದು, ಅದರ ಪಕ್ಕದಲ್ಲೇ ಹೊಸದನ್ನು ಅರ್ಧ ಹಾಸಿ, ಆಮೇಲೆ ಆ ಕಡೆಯಿಂದ ಎಳೆದುಕೊಂಡರು. ಸೊಂಟ ಮುರಿದ ಮನುಷ್ಯನನ್ನು ಮಂಚದಿಂದ ಎತ್ತದೆ ಹಾಸಿಗೆ ಬದಲಾಯಿತು. ನಾನು ತಾತನ ಭುಜ ಹಿಡಿದು ಎಲ್ಲವನ್ನೂ ನೋಡುತ್ತಿದ್ದೆ. ಹೊಟ್ಟೆ ತೊಳೆಸುವುದು ಯಾವಾಗ ನಿಂತಿತೋ ಗೊತ್ತಾಗಲಿಲ್ಲ.

ಒರೆಸಿ ಆದ ಮೇಲೆ ಅವರು ತಾತನ ಹಿಮ್ಮಡಿ, ಬೆನ್ನಿನ ಕೆಳಗಿನ ಮೂಳೆಯ ಜಾಗ ನೋಡಿದರು. ಅಲ್ಲೊಂದು ಕಡೆ ಕೆಂಪಗಾಗಿತ್ತು. ಬೆರಳಿಂದ ಒತ್ತಿ ಬಿಟ್ಟರು. "ನೋಡು. ಒತ್ತಿದಾಗ ಬೆಳ್ಳಗಾಗಿ ಮತ್ತ ಕೆಂಪಾತು. ಇದಕ್ಕ ಚಿಂತಿ ಇಲ್ಲ. ಒತ್ತಿದ್ರೂ ಕೆಂಪಗೇ ಉಳೀತಂದ್ರ ಹುಣ್ಣು ಶುರು ಆಗೇದ ಅಂತ ತಿಳಕೋ." ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ತಿರುಗಿಸುವಾಗ ಎರಡು ಮೊಣಕಾಲಿನ ನಡುವೆ ದಿಂಬು ಇರಬೇಕು ಅಂತ ತೋರಿಸಿಕೊಟ್ಟರು.

ನಾನು ಅದನ್ನು ಬರೀ ತೊಳೆಯುವ ಕೆಲಸ ಅಂದುಕೊಂಡಿದ್ದೆ. ಅವರು ತೊಳೆಯುತ್ತಲೇ ತಾತನ ಇಡೀ ಮೈಯನ್ನು ಪರೀಕ್ಷೆ ಮಾಡಿ ಮುಗಿಸಿದ್ದರು.

ಊರಲ್ಲಿ ಈ ಕೆಲಸದ ಬಗ್ಗೆ ಎರಡೇ ಮಾತು. ಒಂದು, ಹೊಲಸು ಕೆಲಸ. ಇನ್ನೊಂದು, ಪುಣ್ಯದ ಕೆಲಸ. ಎರಡನೆಯದು ಗೌರವದ ಮಾತು ನಿಜ. ಆದರೆ ನನಗೆ ಅದೂ ಈಗ ಹಿಡಿಸುವುದಿಲ್ಲ. ಪುಣ್ಯ ಅಂದಮೇಲೆ ಸಂಬಳದ ಮಾತು ಯಾರೂ ಎತ್ತುವುದಿಲ್ಲ. ಅದರಲ್ಲಿ ಎಷ್ಟು ಓದು ಇದೆ ಅಂತಲೂ ಯಾರೂ ಕೇಳುವುದಿಲ್ಲ.

ಎರಡೂಕಾಲು ಗಂಟೆಯ ಆ ಘಟನೆ ನಡೆದದ್ದು ಆಪರೇಷನ್ ಆದ ಎರಡನೇ ರಾತ್ರಿ. ಡ್ಯೂಟಿ ಡಾಕ್ಟರ್ ಬಂದರು. ಆಕ್ಸಿಜನ್ ಮಾಸ್ಕ್ ಹಾಕಿದರು, ರಕ್ತ ತೆಗೆದರು, ಎಕ್ಸ್‌ರೇ ಮಾಡಿಸಿದರು. ನ್ಯುಮೋನಿಯಾ ಶುರುವಾಗಿತ್ತು. ವಯಸ್ಸಾದವರು ಮೂಳೆ ಮುರಿದು ಮಲಗಿದರೆ ಬರುವ ದೊಡ್ಡ ಅಪಾಯ ಇದೇ ಅಂತ ಡಾಕ್ಟರ್ ಹೇಳಿದರು. ಬೇಗ ಗೊತ್ತಾಗಿದ್ದು ಒಳ್ಳೇದಾಯಿತು ಅಂದರು. ಆಂಟಿಬಯೋಟಿಕ್ ಶುರು ಮಾಡಿದರು.

ನಾಲ್ಕು ಗಂಟೆ ಹೊತ್ತಿಗೆ ಎಲ್ಲ ಸ್ವಲ್ಪ ತಣ್ಣಗಾಯಿತು. ಬ್ರದರ್ ಟೇಬಲ್ಲಿನಲ್ಲಿ ಕೂತು ಬರೆಯುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ.

"ಅಣ್ಣ, ನೀವು ನಾಡಿ ನೋಡ್ತಾ ಇದ್ರಿ ಅಲ್ವಾ? ಅದರಲ್ಲಿ ಹೇಗೆ ಗೊತ್ತಾಯ್ತು?"

"ನಾಡಿ ಮೊದಲ ನೋಡಿ ಮುಗಿಸಿದ್ದೆ. ಆಮ್ಯಾಲ ಎಣಸಿದ್ದು ಉಸಿರು. ಉಸಿರು ಎಣಸಾಕತ್ತಾರ ಅಂತ ಪೇಷಂಟಿಗೆ ಗೊತ್ತಾದ್ರ ಉಸಿರು ಬದಲಾಗ್ತದ. ಅದಕ್ಕ ನಾಡಿ ನೋಡೋರಂಗ ಕೈ ಹಿಡಕೊಂಡೇ ಇರ್ತೀವಿ. ಈಗ ಮಲಗಿದವರದ್ದೂ ಹಂಗೇ ಎಣಸೋದು ರೂಢಿ ಆಗೇದ."

ಚಾರ್ಟ್ ತೋರಿಸಿದರು. ಸುಮ್ಮನೆ ಮಲಗಿರುವ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ತಾತನದ್ದು ರಾತ್ರಿ ಹತ್ತಕ್ಕೆ 18 ಇತ್ತು. ಎರಡೂಕಾಲಿಗೆ 30. ಜ್ವರ ಇನ್ನೂ ಏರಿರಲಿಲ್ಲ. ಬಿಪಿ ಸರಿ ಇತ್ತು. ಕ್ಲಿಪ್ ಹಾಕುವ ಮುಂಚೆ ಬದಲಾಗಿ ಕಂಡದ್ದು ಉಸಿರೊಂದೇ, ಅದೂ ಒಂದು ನಿಮಿಷ ನಿಂತು ಎಣಿಸಿದವರಿಗೆ ಮಾತ್ರ ಕಾಣುವಂಥದ್ದು.

ನಾನು ಪಿಸಿಎಂಬಿ ಅಂತ ಗೊತ್ತಾದಾಗ ಒಂದು ಲೆಕ್ಕ ಕೊಟ್ಟರು. 500 ಎಂಎಲ್ ಬಾಟಲಿ ಎಂಟು ತಾಸಿನಲ್ಲಿ ಹೋಗಬೇಕು. ಈ ಡ್ರಿಪ್ ಸೆಟ್ಟಿನಲ್ಲಿ ಒಂದು ಎಂಎಲ್ ಅಂದರೆ 20 ಹನಿ. ನಿಮಿಷಕ್ಕೆ ಎಷ್ಟು ಹನಿ ಬಿಡಬೇಕು? ಹತ್ತು ಸಾವಿರ ಹನಿ, 480 ನಿಮಿಷ. 21 ಅಂದೆ. "ಹಂಗಾರ ಹೋಗಿ ನಿಮ್ಮಜ್ಜನ ಡ್ರಿಪ್ ಎಣಸಿ ಬಾ" ಅಂದರು. ಎಣಿಸಿದೆ. 21 ಇತ್ತು. ಎರಡು ವರ್ಷ ಪಿಯುಸಿಯಲ್ಲಿ ಮಾಡಿದ ಲೆಕ್ಕಗಳಲ್ಲಿ ಅಷ್ಟು ಸಂತೋಷ ಕೊಟ್ಟದ್ದು ಇನ್ನೊಂದಿಲ್ಲ.

ಅವತ್ತೇ ಕೇಳಿದೆ, ನಾನು ಈ ಓದು ಓದಬಹುದಾ ಅಂತ.

ಅವರು ತಕ್ಷಣ ಹೂಂ ಅನ್ನಲಿಲ್ಲ. ಆ ರಾತ್ರಿ 34 ಹಾಸಿಗೆಗೆ ಅವರೊಬ್ಬರೇ ಇದ್ದರು, ಜೊತೆಗೆ ಒಬ್ಬ ವಾರ್ಡ್ ಬಾಯ್. ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗೆ ಒಬ್ಬ ನರ್ಸ್ ಇರಬೇಕು ಅನ್ನುವುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. "ನಿಮ್ಮಜ್ಜನ ಹತ್ರ ನಾ ಒಂದ್ ತಾಸು ನಿಂತೆ. ಆ ಹೊತ್ತಿನ್ಯಾಗ 33 ಮಂದಿ ಹತ್ರ ಯಾರೂ ಇರ್ಲಿಲ್ಲ. ಅದನ್ನ ತಲಿಯೊಳಗ ಇಟಗೊಂಡು ಕೇಳು" ಅಂದರು. ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂ ಮುಗಿಸಿ ಸೇರಿದ ಮೊದಲ ಕೆಲಸದಲ್ಲಿ ಅವರಿಗೆ ತಿಂಗಳಿಗೆ 9 ಸಾವಿರ ಸಿಗುತ್ತಿತ್ತಂತೆ. ಆಮೇಲೆ ಇನ್ನೆರಡು ವರ್ಷ, ಡಿಪ್ಲೊಮಾ ಆದವರಿಗಿರುವ ಪೋಸ್ಟ್ ಬೇಸಿಕ್ ಬಿ.ಎಸ್ಸಿ ಮಾಡಿಕೊಂಡರು. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ಮಾಡಿದ ಸಮಿತಿ, 50ಕ್ಕಿಂತ ಕಮ್ಮಿ ಹಾಸಿಗೆ ಇರುವ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್ ಸಂಬಳ 20 ಸಾವಿರಕ್ಕಿಂತ ಕಮ್ಮಿ ಇರಬಾರದು ಅಂದಿತ್ತು. ಆ ಅಂಕಿ ಅವರ ಬಾಯಿಪಾಠದಲ್ಲಿತ್ತು. ಹೇಳುವಾಗ ದನಿ ಗಟ್ಟಿಯಾಯಿತು.

"ಒಂದು ರಾತ್ರಿ ನೋಡಿ ನಿರ್ಧಾರ ಮಾಡಬ್ಯಾಡ. ಹಗಲಿನ ಡ್ಯೂಟಿನೂ ನೋಡು" ಅಂದರು.

ನೋಡಿದೆ. ಅಪ್ಪ ಬಂದ ಮೇಲೂ ಎರಡು ದಿನ ಹಗಲು ಅಲ್ಲೇ ಉಳಿದೆ. ಬೆಳಗ್ಗೆ ಎಂಟಕ್ಕೆ ಡ್ಯೂಟಿ ಬದಲಾಗುವಾಗ ರಾತ್ರಿಯವರು ಹಗಲಿನವರಿಗೆ ಮಂಚದಿಂದ ಮಂಚಕ್ಕೆ ಹೋಗಿ ಎಲ್ಲ ಒಪ್ಪಿಸುತ್ತಿದ್ದರು. ಯಾರಿಗೆ ಎಷ್ಟು ಮೂತ್ರ ಹೋಗಿದೆ, ಯಾರು ಊಟ ಬಿಟ್ಟಿದ್ದಾರೆ, ಯಾರಿಗೆ ಯಾವ ಔಷಧ ಒಗ್ಗುವುದಿಲ್ಲ. ಬಿಲ್ ತಡವಾದದ್ದಕ್ಕೆ ಒಬ್ಬರು ಹಗಲಿನ ಸಿಸ್ಟರ್ ಮೇಲೆ ಕೂಗಾಡಿದರು. ಬಿಲ್ಲಿಗೂ ಅವರಿಗೂ ಸಂಬಂಧವೇ ಇರಲಿಲ್ಲ. ಸಿಸ್ಟರ್ ಕಣ್ಣು ಒರೆಸಿಕೊಂಡು ಮುಂದಿನ ಮಂಚದವರ ಹೆಸರು ಕೇಳಿ, ಚೀಟಿ ನೋಡಿ, ಮತ್ತೊಮ್ಮೆ ಹೆಸರು ಕೇಳಿ ಇಂಜೆಕ್ಷನ್ ಕೊಟ್ಟರು. ಅಷ್ಟು ನೊಂದಿದ್ದಾಗಲೂ ಹೆಸರನ್ನು ಎರಡು ಸಲ ಕೇಳಿದರಲ್ಲ, ಅದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ತಾತ ಮನೆಗೆ ಬಂದ ಮೇಲೆ ವಿಷಯ ಹೇಳಿದೆ. ಸೋದರಮಾವ, "ಗಂಡ್ ಹುಡುಗ ಆಗಿ ನರ್ಸಿಂಗಾ? ಇಂಜಿನಿಯರಿಂಗ್ ಸೀಟ್ ಸಿಗುತ್ತಲ್ಲೋ" ಅಂದ. ಅಮ್ಮ ಅಳುವುದಕ್ಕೇ ಶುರು ಮಾಡಿದಳು. "ನಾಳೆ ನಿಂಗೆ ಹೆಣ್ಣು ಕೊಡೋರು ಯಾರು? ಊರೋರ ಹೇಲು ಉಚ್ಚೆ ಬಾಚೋಕಾ ನಿನ್ನ ಓದಿಸಿದ್ದು?" ಅಮ್ಮನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹನ್ನೊಂದು ರಾತ್ರಿಯ ಹಿಂದೆ ನಾನೂ ಬಾಗಿಲ ಹತ್ತಿರ ಹೋಗಿ ನಿಂತವನೇ. ದಾದಿ ಅನ್ನುವ ಪದಕ್ಕೆ ನಮ್ಮಲ್ಲಿ ಗಂಡು ರೂಪವೂ ಇಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಈಗ ಶುಶ್ರೂಷಾಧಿಕಾರಿ ಅನ್ನುತ್ತಾರೆ. ಆ ಪದ ನನಗೆ ಇಷ್ಟ. ಅದರಲ್ಲಿ ಹೆಣ್ಣು ಗಂಡು ಎರಡಕ್ಕೂ ಜಾಗ ಇದೆ.

ಅಪ್ಪ ಜಗಳ ಮಾಡಲಿಲ್ಲ. ವಿವರ ಕೇಳಿದ. ನಾನು ಹುಡುಕಿ ಬರೆದಿಟ್ಟುಕೊಂಡಿದ್ದನ್ನು ಹೇಳಿದೆ. ಬಿ.ಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಓದಿರಬೇಕು. ನಮ್ಮಲ್ಲಿ ಈಗ ಅದರ ಸೀಟೂ ಸಿಇಟಿ ಮೂಲಕವೇ. ಓದು ಮುಗಿದ ಮೇಲೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಆ ನಂಬರ್ ಇದ್ದವರೇ ನೋಂದಾಯಿತ ನರ್ಸ್. ಆದ್ದರಿಂದ ಕಾಲೇಜಿಗೆ ಪರಿಷತ್ತಿನ ಮಾನ್ಯತೆ, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಸಂಯೋಜನೆ ಇದೆಯಾ ಅಂತ ಮೊದಲು ನೋಡಬೇಕು. ಜೊತೆಗೆ ಅಲ್ಲಿಯ ಮಕ್ಕಳು ಕಲಿಯಲು ಹೋಗುವ ಆಸ್ಪತ್ರೆ ಯಾವುದು ಅಂತ ಕೇಳಬೇಕು ಅಂತ ಬ್ರದರ್ ಒತ್ತಿ ಹೇಳಿದ್ದರು. ರೋಗಿಗಳೇ ಇಲ್ಲದ ಆಸ್ಪತ್ರೆಯಲ್ಲಿ ಉಸಿರು ಎಣಿಸುವುದನ್ನು ಯಾರ ಮೇಲೆ ಕಲಿಯುವುದು?

ಅಪ್ಪ ಕೇಳಿ ಎದ್ದು ಹೋದ. ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ತಾತ ನಡುಮನೆಯ ಮಂಚದಲ್ಲಿ ಮಲಗಿದ್ದ. ನಾನು ಕೆಳಗೆ ಚಾಪೆ ಹಾಸಿಕೊಳ್ಳುತ್ತಿದ್ದೆ. ಎರಡು ತಾಸಿಗೊಮ್ಮೆ ಮೊಬೈಲಿನಲ್ಲಿ ಅಲಾರಾಂ. ಪಿಯುಸಿಯ ರಫ್ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಗೆರೆ ಹಾಕಿ ಬರೆಯುತ್ತಿದ್ದೆ. ಗಂಟೆ ಎಷ್ಟು, ಯಾವ ಮಗ್ಗುಲು, ಉಸಿರು ಎಷ್ಟು, ಹಿಮ್ಮಡಿ ಹೇಗಿದೆ. ತಾತ ಒಂದು ರಾತ್ರಿ ಎಚ್ಚರಾಗಿ, "ನನ್ ಕೈ ಯಾಕೋ ಹಿಡ್ಕೊಂಡಿದೀಯ?" ಅಂದ. "ನಾಡಿ ನೋಡ್ತಿದೀನಿ ತಾತ" ಅಂದೆ.

ಆರನೇ ರಾತ್ರಿ ನನಗೆ ಅಲಾರಾಂ ಕೇಳಿಸಲೇ ಇಲ್ಲ. ಎದ್ದಾಗ ಬೆಳಕು ಹರಿದಿತ್ತು. ಎದೆ ಧಸಕ್ ಅಂತು. ಎದ್ದು ನೋಡಿದರೆ ತಾತ ಬಲ ಮಗ್ಗುಲಿಗೆ ಮಲಗಿದ್ದ. ಮೊಣಕಾಲಿನ ನಡುವೆ ದಿಂಬು ಇತ್ತು. ಅಲಾರಾಂ ಯಾರೋ ಆರಿಸಿದ್ದರು. ನೋಟ್‌ಬುಕ್ ಮಂಚದ ಕೆಳಗೆ ಬಿಡಿಸಿದಂತೆಯೇ ಇತ್ತು. ನಾನು ಹಾಕಿದ ಗೆರೆಯ ಒಳಗೆ, ದುಂಡನೆಯ ಅಕ್ಷರದಲ್ಲಿ, ಅಮ್ಮ ಬರೆದಿದ್ದಳು:

"4 ಗಂಟೆ. ಬಲಕ್ಕೆ ತಿರುಗಿಸಿದೆ. ಉಸಿರು 17. ಎರಡು ಸಲ ಎಣಿಸಿದೆ."