ಕೇಕ್ ಯಾರು ತರಬೇಕು?

ಜರ್ಮನಿಯ ಸ್ಟುಟ್‌ಗಾರ್ಟ್‌ನ ನಮ್ಮ ಕಚೇರಿಯಲ್ಲಿ ಒಬ್ಬ ಅಮೆರಿಕನ್ ಇದ್ದಾನೆ. ಹೆಸರು ಬೇಡ, ಅವನ ರಾಜ್ಯದ ಮೇಲೆ ಒಹಾಯೋ ಎಂದೇ ಕರೆಯುತ್ತೇನೆ. ಅವನ ಎದುರಿಗೆ ಕೂರುವವರು ಟ್ಯೂಬಿಂಗೆನ್ ಕಡೆಯ ಹಿರಿಯ ಎಂಜಿನಿಯರ್. ಅವರನ್ನು ಮೇಡಂ ಎನ್ನೋಣ. ನಮಗೆ ನಿಘಂಟು ಕಟ್ಟಿಕೊಟ್ಟ ಕಿಟೆಲ್ 1903ರಲ್ಲಿ ಕೊನೆಯುಸಿರೆಳೆದ ಊರು ಟ್ಯೂಬಿಂಗೆನ್. ಆ ಒಂದೇ ಕಾರಣಕ್ಕೆ ನನಗೆ ಮೇಡಂ ಮೇಲೆ ಸ್ವಲ್ಪ ಪಕ್ಷಪಾತ. ಇಬ್ಬರ ದೂರುಗಳೂ ಹಾದುಹೋಗುವುದು ನಡುವೆ ಕೂರುವ ನನ್ನ ಮೂಲಕವೇ.

ಕಳೆದ ವರ್ಷದ ಒಂದು ಗುರುವಾರ ಒಹಾಯೋ ಕಾಫಿ ಯಂತ್ರದ ಬಳಿ ನಿಂತು, ನಾಳೆ ತನ್ನ ಹುಟ್ಟುಹಬ್ಬವೆಂದು ಎಲ್ಲರಿಗೂ ಕೇಳುವಂತೆ ಹೇಳಿದ. ಒಬ್ಬರೂ ಶುಭ ಕೋರಲಿಲ್ಲ. ಮೇಡಂ "ಹೌದೇ" ಎಂದವರೇ ಲೋಟ ತೊಳೆದುಕೊಂಡು ಹೊರಟುಹೋದರು. ಅವನ ಮುಖ ಸಪ್ಪಗಾಯಿತು. "ಈ ಜನಕ್ಕೆ ಮನುಷ್ಯರೆಂದರೆ ಅಷ್ಟಕ್ಕಷ್ಟೆ" ಎಂದು ನನ್ನ ಬಳಿ ಗೊಣಗಿದ. ಹುಟ್ಟುಹಬ್ಬಕ್ಕೆ ಮುಂಚಿತವಾಗಿ ಶುಭ ಕೋರುವುದು ಜರ್ಮನರಲ್ಲಿ ಅಪಶಕುನ. ಚರ್ಚಿನ ಮೆಟ್ಟಿಲು ಹತ್ತದವರೂ ಇದನ್ನು ಮಾತ್ರ ಮೀರುವುದಿಲ್ಲ.

ಮರುದಿನ ಅವನು ಹೊಸ ಅಂಗಿ ತೊಟ್ಟು ಬಂದ. ಅಮೆರಿಕದ ಕಚೇರಿಗಳಲ್ಲಿ ಕೇಕ್ ತರುವುದು ಸಹೋದ್ಯೋಗಿಗಳು. ಜರ್ಮನಿಯಲ್ಲಿ ತರಬೇಕಾದವರು ಹುಟ್ಟುಹಬ್ಬದವರೇ. ಹತ್ತು ಗಂಟೆಯ ಹೊತ್ತಿಗೆ ಕಚೇರಿಯ ಅಡುಗೆಕೋಣೆಗೆ ಹೋದರೆ, ಐದಾರು ಜರ್ಮನರು ತಟ್ಟೆ, ಮುಳ್ಳುಚಮಚ ಜೋಡಿಸಿಟ್ಟುಕೊಂಡು ಖಾಲಿ ಮೇಜಿನ ಸುತ್ತ ನಿಂತಿದ್ದಾರೆ. ಬಾಗಿಲಲ್ಲಿ ಒಹಾಯೋ, ಅಚ್ಚರಿಪಡಲು ಮುಖವನ್ನು ಸಿದ್ಧಮಾಡಿಕೊಂಡು. ಕೇಕ್ ಎಲ್ಲಿ ಎಂದು ಕೇಳುವ ಧೈರ್ಯ ಎರಡೂ ಕಡೆ ಇಲ್ಲ.

ನಾನು ಓದಿದ್ದು ದಾವಣಗೆರೆಯಲ್ಲಿ. ಹುಟ್ಟುಹಬ್ಬದ ದಿನ ಸಮವಸ್ತ್ರ ಬಿಟ್ಟು ಬಣ್ಣದ ಬಟ್ಟೆ ತೊಟ್ಟು, ಇಡೀ ತರಗತಿಗೆ ಚಾಕೊಲೇಟ್ ಹಂಚಿ, ಮೇಷ್ಟರಿಗೆ ಎರಡು ಹೆಚ್ಚಿಗೆ ಕೊಟ್ಟು ಬೆಳೆದವನು. ಬಡ್ತಿ ಸಿಕ್ಕವರೇ ಸಿಹಿ ಹಂಚಬೇಕೆಂಬ ನಾಡಿನಿಂದ ಬಂದವನಿಗೆ ಜರ್ಮನರ ಲೆಕ್ಕ ಕೂಡಲೇ ಹೊಳೆಯುತ್ತದೆ. ಒಹಾಯೋನ ತೋಳು ಹಿಡಿದು ಬೀದಿ ಕೊನೆಯ ಬೇಕರಿಗೆ ಎಳೆದುಕೊಂಡು ಹೋದೆ. "ನನ್ನ ಹುಟ್ಟುಹಬ್ಬಕ್ಕೆ ನಾನೇ ದುಡ್ಡು ಕೊಡಬೇಕೆ?" ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದ. ಒಂದು ಚೀಸ್‌ಕೇಕ್, ಚೀಲದ ತುಂಬ ಬೆಣ್ಣೆ ಸವರಿದ ಬ್ರೆಟ್ಸೆಲ್ ಎಂಬ ಗಂಟುಬ್ರೆಡ್ಡು ಕೊಂಡೆವು.

ಮೇಜಿನ ಮೇಲೆ ಅವನ್ನು ಇಟ್ಟದ್ದೇ ತಡ, ಕೋಣೆಯ ಗಾಳಿಯೇ ಬದಲಾಯಿತು. ಒಬ್ಬೊಬ್ಬರಾಗಿ ಬಂದು ಕೈಕುಲುಕಿ, ಕಣ್ಣಲ್ಲಿ ಕಣ್ಣಿಟ್ಟು, ಆರೋಗ್ಯದಿಂದ ಹಿಡಿದು ಎಲ್ಲವನ್ನೂ ಹಾರೈಸಿದರು. ಮೇಡಂ ಒಂದು ಕಡತ ತೆರೆದು ಅದರೊಳಗಿಂದ ಶುಭಾಶಯ ಪತ್ರ ತೆಗೆದರು. ಇಡೀ ವಿಭಾಗದ ಸಹಿ, ಜೊತೆಗೆ ಎಲ್ಲರಿಂದ ಸಂಗ್ರಹಿಸಿದ ಹಣದಲ್ಲಿ ಕೊಂಡ ಪುಸ್ತಕದಂಗಡಿಯ ಉಡುಗೊರೆ ಚೀಟಿ. ಗುರುವಾರ ಬಾಯಿ ಬಿಡದೆ ಓಡಾಡುತ್ತಿದ್ದವರು ಅಂದೇ ಈ ಕಡತವನ್ನು ಮೇಜಿನಿಂದ ಮೇಜಿಗೆ ದಾಟಿಸಿದ್ದರು. ಒಹಾಯೋ ಭಾವುಕನಾಗಿ ಮೇಡಂ ಅವರನ್ನು ಅಪ್ಪಿಕೊಂಡ. ಅವರು ಎರಡೂ ಕೈಗಳನ್ನು ಇಳಿಬಿಟ್ಟು ಅದು ಮುಗಿಯುವವರೆಗೆ ಸಹಿಸಿಕೊಂಡರು. ಆಮೇಲೆ ಒಂದು ತುಂಡು ತಿಂದು, "ಸಿಹಿ ಸ್ವಲ್ಪ ಹೆಚ್ಚಾಯಿತು" ಎಂದರು. ಇನ್ನೊಂದು ತುಂಡು ಹಾಕಿಕೊಂಡರು.

ಇವರಿಬ್ಬರ ಕೆಲಸದ ಜಗಳವೂ ಇದೇ ಧಾಟಿಯದು. ಒಹಾಯೋ ಒಬ್ಬರ ಕೋಡ್ ಪರಿಶೀಲಿಸಿದರೆ ಮೊದಲು ಮೂರು ವಾಕ್ಯ ಹೊಗಳಿಕೆ. ನಾಲ್ಕನೆಯದರಲ್ಲಿ, ಸಾಧ್ಯವಾದರೆ ಎಂಬಂತೆ, ತಪ್ಪು. ಹೊಗಳಿಕೆಯನ್ನು ಅಕ್ಷರಶಃ ನಂಬುವ ಜರ್ಮನರು ಅಷ್ಟರಲ್ಲಿ ಕಂಪ್ಯೂಟರಿನ ಕಿಟಕಿ ಮುಚ್ಚಿ ಎದ್ದಿರುತ್ತಾರೆ. ಮೇಡಂ ನೇರವಾಗಿ "ಇದು ತಪ್ಪು, ಹೀಗೆ ಮಾಡಿ" ಎಂದು ಬರೆಯುತ್ತಾರೆ. ಒಹಾಯೋ ಎರಡು ದಿನ ಮಂಕಾಗಿರುತ್ತಾನೆ. "ಆಗುವುದಿಲ್ಲ" ಎನ್ನಲು ಅರ್ಧ ಗಂಟೆ ತೆಗೆದುಕೊಳ್ಳುವ ನಮಗೆ ಅವರಿಬ್ಬರೂ ಆತುರಗಾರರೇ. ಆದರೂ ಹೇಳುತ್ತೇನೆ, ಮೇಡಂ ಜೊತೆಗಿನ ಕೆಲಸ ನನಗೆ ಸಲೀಸು. ಅವರು ಚೆನ್ನಾಗಿದೆ ಎಂದರೆ ರಾತ್ರಿ ನಿದ್ದೆ ಬರುತ್ತದೆ.

ಹುಟ್ಟುಹಬ್ಬದ ದಿನ ಸಂಜೆ ಊಟಕ್ಕೆ ನಗರದೊಳಗೆ ಹೋದೆವು. ಅರ್ಧ ಲೀಟರ್ ಬಿಯರಿಗೂ ದೊಡ್ಡ ನೀರಿನ ಬಾಟಲಿಗೂ ಹೆಚ್ಚುಕಡಿಮೆ ಒಂದೇ ಬೆಲೆ ಎಂಬುದು ಒಹಾಯೋನ ಹಳೆಯ ದುಃಖ. ಅದನ್ನು ತೋಡಿಕೊಂಡದ್ದಾಯಿತು. ಬಿಲ್ ಬಂದಾಗ ಬಡಿಸುವಾಕೆ ಕೈಚೀಲ ತೆರೆದು ನಿಂತು ಒಬ್ಬೊಬ್ಬರದ್ದೂ ಬೇರೆ ಬೇರೆ ಲೆಕ್ಕ ಹಾಕಿದಳು. ಮೇಡಂ ಪಾಲು 18 ಯೂರೊ 60 ಸೆಂಟ್. "ಇಪ್ಪತ್ತು" ಎಂದು ಹೇಳಿ ನೋಟು ಕೊಟ್ಟರು, ಭಕ್ಷೀಸು ಅಷ್ಟೆ. ಒಹಾಯೋ ಶೇ 20ರಷ್ಟು ಸೇರಿಸಿ ಕೊಟ್ಟ. ಅವನಿಗೆ ಇದು ಜಿಪುಣತನ, ಅವರಿಗೆ ಅದು ದೊಡ್ಡಸ್ತಿಕೆ. ಅಮೆರಿಕದಲ್ಲಿ ಭಕ್ಷೀಸು ಪಡೆಯುವ ಕೆಲಸಗಾರರಿಗೆ ಮಾಲೀಕ ಕೊಡಲೇಬೇಕಾದ ಕನಿಷ್ಠ ಕೂಲಿ, ಒಕ್ಕೂಟ ಸರ್ಕಾರದ ಕಾನೂನಿನ ಪ್ರಕಾರ, ಗಂಟೆಗೆ 2.13 ಡಾಲರ್, 1991ರಿಂದ ಅದು ಏರಿಲ್ಲ ಎಂದು ಅವನು ವಿವರಿಸಿದ. ಹಲವು ರಾಜ್ಯಗಳು ಹೆಚ್ಚು ಕೊಡಿಸುತ್ತವೆ, ಉಳಿದೆಡೆ ಉಣ್ಣಲು ಬಂದವರೇ ಸಂಬಳ ತುಂಬಬೇಕು. ಮೇಡಂ ಚಮಚ ಕೆಳಗಿಟ್ಟು, "ಇದು ಔದಾರ್ಯವಲ್ಲ, ಮಾಲೀಕನ ಸಾಲವನ್ನು ಗಿರಾಕಿ ತೀರಿಸುವುದು" ಎಂದರು. ಒಹಾಯೋ ಒಪ್ಪಿಕೊಂಡ. ಆದರೆ ಕೊಟ್ಟದ್ದನ್ನು ಕಡಿಮೆ ಮಾಡಲಿಲ್ಲ.

ಮಾತು ವಾಲ್‌ಮಾರ್ಟ್‌ಗೆ ತಿರುಗಿತು. ಅಮೆರಿಕದ ಆ ದೊಡ್ಡ ಅಂಗಡಿ ಕಂಪನಿ 1997ರ ಕೊನೆಗೆ ಜರ್ಮನಿಗೆ ಕಾಲಿಟ್ಟು, 2006ರಲ್ಲಿ 85 ಮಳಿಗೆಗಳನ್ನು ಮೆಟ್ರೊ ಸಂಸ್ಥೆಗೆ ಮಾರಿ ಹಿಂದಿರುಗಿತು. ಬಾಗಿಲಲ್ಲಿ ನಗುತ್ತ ಸ್ವಾಗತಿಸುವವರನ್ನು ಕಂಡು ಜರ್ಮನರು ಬೆದರಿದರು, ಅದಕ್ಕೇ ಸೋತಿತು ಎಂಬ ಕಥೆಯನ್ನು ಒಹಾಯೋ ರಸವತ್ತಾಗಿ ಹೇಳಿದ. ಮೇಡಂ ನಗಲಿಲ್ಲ. "ನಗುವಿನಿಂದ ಯಾರೂ ದಿವಾಳಿಯಾಗುವುದಿಲ್ಲ. ನಮ್ಮ ಆಲ್ಡಿ, ಲಿಡ್ಲ್ ಅಂಗಡಿಗಳು ಅಷ್ಟು ಅಗ್ಗಕ್ಕೆ ಮಾರುವಾಗ ಜನ ಅಲ್ಲಿಗೇಕೆ ಹೋಗಬೇಕು?" ಎಂದರು. ನಾನು ಕೂಡ ಅದುವರೆಗೆ ಆ ನಗುವಿನ ಕಥೆಯನ್ನೇ ಹೇಳಿಕೊಂಡು ತಿರುಗುತ್ತಿದ್ದೆ.

ಹೊರಡುವಾಗ ಒಹಾಯೋ ತನ್ನ ಮುತ್ತಜ್ಜನೂ ಈ ಸೀಮೆಯವನೇ ಎಂದ. 2020ರ ಜನಗಣತಿಯಲ್ಲಿ ಜರ್ಮನ್ ಮೂಲದವರೆಂದು ಬರೆಸಿಕೊಂಡ ಅಮೆರಿಕನ್ನರು ನಾಲ್ಕು ಕೋಟಿಗೂ ಹೆಚ್ಚು. ಅವನ ಮನೆಯಲ್ಲಿ ಸಮಯಪಾಲನೆ ಜರ್ಮನ್ ರಕ್ತದಿಂದ ಬಂದದ್ದೆಂದು ನಂಬಿಕೆಯಂತೆ. "ರೈಲು ನಿಲ್ದಾಣಕ್ಕೆ ಬಾ, ಆ ರಕ್ತ ತೋರಿಸುತ್ತೇನೆ" ಎಂದರು ಮೇಡಂ. 2024ರಲ್ಲಿ ಇಲ್ಲಿನ ದೂರಪ್ರಯಾಣದ ರೈಲುಗಳಲ್ಲಿ ಹೊತ್ತಿಗೆ ಸರಿಯಾಗಿ ಬಂದವು ಶೇ 62ರ ಆಸುಪಾಸು. ಆರು ನಿಮಿಷದೊಳಗಿನ ತಡವನ್ನು ತಡವೆಂದು ಎಣಿಸದೆಯೂ.

ಅಂದು ನಮ್ಮ ಎಸ್-ಬಾನ್, ಅಂದರೆ ನಗರದ ಲೋಕಲ್ ರೈಲು ಕೂಡ ತಡ. ಫಲಕದಲ್ಲಿ ನಿಮಿಷಗಳು ಏರುತ್ತಿದ್ದಂತೆ ಪಕ್ಕದಲ್ಲಿದ್ದ ಅಪರಿಚಿತ ಮುದುಕರೊಬ್ಬರು ನಿಟ್ಟುಸಿರು ಬಿಟ್ಟರು. ಮೇಡಂ ಅವರತ್ತ ತಿರುಗಿ, "2010ರಿಂದ ಅಗೆಯುತ್ತಲೇ ಇದ್ದಾರೆ" ಎಂದರು. ಸ್ಟುಟ್‌ಗಾರ್ಟ್ 21, ಅಂದರೆ ಮುಖ್ಯ ನಿಲ್ದಾಣವನ್ನು ನೆಲದಡಿಗೆ ಇಳಿಸುವ ಕಾಮಗಾರಿ. ಅಷ್ಟೇ ಸಾಕಾಯಿತು. ಬೆಂಚಿನ ಮೇಲಿದ್ದ ಇಬ್ಬರು ಹುಡುಗಿಯರು ಸೇರಿಕೊಂಡರು, ಸೈಕಲ್ ಹಿಡಿದಿದ್ದ ಒಬ್ಬ ಸೇರಿಕೊಂಡ. ಮುದುಕರು ಮೊದಲ ಅಂದಾಜು ವೆಚ್ಚದಿಂದ ಆರಂಭಿಸಿದರು. "ಅಪರಿಚಿತರೊಡನೆ ಮಾತಾಡುವುದು ನಮ್ಮ ಪದ್ಧತಿಯಲ್ಲ ಎಂದು ನನಗೆ ಹೇಳಿಕೊಟ್ಟವರು ಇವರೇ" ಎಂದು ಒಹಾಯೋ ನನ್ನ ಕಿವಿಯಲ್ಲಿ ಹೇಳಿದ. ಮೇಡಂ ಕೇಳಿಸಿಕೊಂಡರು. "ಇದು ಹರಟೆಯಲ್ಲ, ದೂರು" ಎಂದು ತಿದ್ದಿ, ಮತ್ತೆ ಮುದುಕರತ್ತ ತಿರುಗಿದರು.