ಚೇಣಿದಾರರ ಕಣ್ಣು, ಐಸ್ ಹಾಕಿ ಲೆಕ್ಕ

ಇಲ್ಲಿ ಟೊರಾಂಟೋದಲ್ಲಿ ಚಳಿಗಾಲದ ಸಂಜೆ ಏಳಕ್ಕೆ ಐಸ್ ಹಾಕಿ ಮ್ಯಾಚ್ ಶುರುವಾಗುವಾಗ ಸಾಗರದ ನಮ್ಮ ಮನೆಯಲ್ಲಿ ಬೆಳಗಿನ ಜಾವ ಐದೂವರೆ. ಅಪ್ಪಯ್ಯ ಬಚ್ಚಲೊಲೆಗೆ ಬೆಂಕಿ ಹಾಕಿ, ಕಾಫಿ ಲೋಟ ಹಿಡಿದು ಕೂತಿರುತ್ತಾರೆ. ಫೋನ್ ಎತ್ತಿದರೆ ಮೊದಲು "ಚಳಿ ಹೆಂಗಿದೆ?" ಆಮೇಲೆ "ನಿಮ್ಮೋರು ಗೆದ್ರಾ?"

ನಮ್ಮೋರು ಅಂದರೆ ಈ ಊರಿನ ತಂಡ, ಮೇಪಲ್ ಲೀಫ್ಸ್. ಕೊನೇ ಸಲ ಲೀಗಿನ ಸ್ಟ್ಯಾನ್ಲಿ ಕಪ್ ಎತ್ತಿದ್ದು 1967ರಲ್ಲಿ. ನಾನು ಬಂದ ವರ್ಷ, 2013-14ರಲ್ಲಿ, ಶುರುವಿನಲ್ಲಿ ಚೆನ್ನಾಗೇ ಗೆಲ್ಲುತ್ತಿದ್ದರು. ಪಕ್ಕದ ಸೀಟಿನ ಸಹೋದ್ಯೋಗಿ ಮಾತ್ರ ತಲೆ ಅಲ್ಲಾಡಿಸುತ್ತಿದ್ದ. "ಗೋಲಿನ ಕಡೆ ಎದುರಾಳಿಗಳೇ ಜಾಸ್ತಿ ಹೊಡೀತಿದ್ದಾರೆ. ಗೋಲು ಕಾಯೋ ಗೋಲಿ ಎಷ್ಟು ದಿನ ತಡೀತಾನೆ?" ಹೊಟ್ಟೆಕಿಚ್ಚು ಅಂದುಕೊಂಡೆ. ಕೊನೆಯ 14 ಪಂದ್ಯಗಳಲ್ಲಿ ಗೆದ್ದದ್ದು ಎರಡೇ. ಪ್ಲೇಆಫ್, ಅಂದರೆ ಕಪ್ಪಿಗಾಗಿ ನಡೆಯುವ ಕೊನೆಯ ಸುತ್ತುಗಳು, ತಪ್ಪಿತು.

ಅವನು ನೋಡುತ್ತಿದ್ದ ಲೆಕ್ಕದ ಹೆಸರು ಕಾರ್ಸಿ. ಗೋಲಿಗೆ ಎಷ್ಟು ಕೆಲಸ ಬೀಳುತ್ತದೆ ಅಂತ ತಿಳಿಯಲು ಬಫಲೋ ತಂಡದ ಗೋಲಿ ಕೋಚ್ ಜಿಮ್ ಕಾರ್ಸಿ ಎಣಿಸುತ್ತಿದ್ದದ್ದು. ಗೋಲಾದ ಹೊಡೆತ, ಗೋಲಿ ತಡೆದದ್ದು, ಪಕ್ಕಕ್ಕೆ ಹೋದದ್ದು, ನಡುವೆ ಯಾರದೋ ಕಾಲಿಗೆ ಬಡಿದು ನಿಂತದ್ದು, ಎಲ್ಲವೂ ಲೆಕ್ಕಕ್ಕೆ. ಒಂದು ಪಂದ್ಯದಲ್ಲಿ ತಂಡಕ್ಕೆ ಸಿಗುವುದು ಸುಮಾರು ಮೂರು ಗೋಲು. ಅಷ್ಟು ಚಿಕ್ಕ ಸಂಖ್ಯೆಯಲ್ಲಿ ಅದೃಷ್ಟದ ಪಾಲು ದೊಡ್ಡದು. ಹೊಡೆತಗಳು ಹತ್ತಾರು, ಹಾಗಾಗಿ ನಿಜವಾದ ಬಲ ಬೇಗ ಕಾಣುತ್ತದೆ.

ಅಪ್ಪಯ್ಯನಿಗೆ ಇದನ್ನು ಹೇಳಲು ಹೆಣಗಾಡಿದೆ. ಅವರು ತಟ್ಟನೆ, "ಚೇಣಿದಾರರ ಹಂಗೆ ಅಲ್ವನೋ?" ಅಂದರು.

ಹೌದಲ್ಲ! ಅಡಿಕೆ ಫಸಲನ್ನು ಮರದ ಮೇಲಿರುವಾಗಲೇ ಗುತ್ತಿಗೆ ಹಿಡಿಯುವ ಚೇಣಿದಾರರು ತೋಟಕ್ಕೆ ಬಂದರೆ ಹೋದ ವರ್ಷ ಎಷ್ಟು ದುಡ್ಡು ಬಂತು ಅಂತ ಕೇಳುವುದಿಲ್ಲ. ಕತ್ತು ಹಿಂದಕ್ಕೆ ಬಾಗಿಸಿ, ಬಾಯಲ್ಲಿ ಕವಳ ತುಂಬಿಕೊಂಡೇ, ಮರ ಮರದ ಅಡಿಕೆ ಗೊನೆ ಎಣಿಸುತ್ತಾ ಹೋಗುತ್ತಾರೆ. ಗೋಲು ಅಂದರೆ ಅಂಗಳದಲ್ಲಿ ಒಣಗಿದ ಅಡಿಕೆ. ಇವರು ನೋಡುವುದು ಇನ್ನೂ ಮರದ ಮೇಲಿರುವುದನ್ನು.

ಇನ್ನೊಂದು ಲೆಕ್ಕ ಪಿಡಿಒ. ಪಕ್ಕಕ್ಕೆ ಹೋದದ್ದು, ನಡುವೆ ನಿಂತದ್ದು ಬಿಟ್ಟು, ನೇರ ಗೋಲಿಗೇ ಹೋದ ತಂಡದ ಹೊಡೆತಗಳಲ್ಲಿ ನೂರಕ್ಕೆ ಎಷ್ಟು ಗೋಲಾದವು, ತನ್ನತ್ತ ಹಾಗೆ ಬಂದದ್ದರಲ್ಲಿ ಅದರ ಗೋಲಿ ನೂರಕ್ಕೆ ಎಷ್ಟು ತಡೆದ, ಎರಡನ್ನೂ ಕೂಡಿಸುವುದು. ಇಡೀ ಲೀಗ್‌ಗೆ ಸರಾಸರಿ 100ಕ್ಕೇ ಬರುತ್ತದೆ, ಏಕೆಂದರೆ ಒಬ್ಬರ ಗೋಲು ಇನ್ನೊಬ್ಬರ ಗೋಲಿ ಬಿಟ್ಟದ್ದು. ತುಂಬಾ ಮೇಲಿದ್ದವರು ಸಾಮಾನ್ಯವಾಗಿ ಕೆಳಗೆ ಜಾರುತ್ತಾರೆ. ಅದೇ 2013-14ರಲ್ಲಿ ಕೊಲೊರಾಡೋ ತನ್ನ ವಿಭಾಗಕ್ಕೇ ಮೊದಲು ಬಂತು. ಮರುವರ್ಷ ಪ್ಲೇಆಫೇ ಇಲ್ಲ. ಉಲ್ಟಾ ಕಥೆ ಲಾಸ್ ಏಂಜಲೀಸ್ ಕಿಂಗ್ಸ್‌ದು. 2012ರಲ್ಲಿ ತಮ್ಮ ಗುಂಪಿನ ಎಂಟನೇ ಸ್ಥಾನದಿಂದ ಒಳಬಂದು ಕಪ್ಪನ್ನೇ ಒಯ್ದರು. ಹೊಡೆತದ ಲೆಕ್ಕದಲ್ಲಿ ಅವರು ಆಗಲೇ ಗಟ್ಟಿಗರು.

ಈಗ ಹೊಡೆತ ಎಲ್ಲಿಂದ ಬಂತು ಅನ್ನುವುದಕ್ಕೂ ಬೆಲೆ ಕಟ್ಟುತ್ತಾರೆ. ಗೋಲಿನ ಬಾಯಲ್ಲಿ ನಿಂತು ಹೊಡೆದದ್ದೂ ದೂರದ ಮೂಲೆಯಿಂದ ಎಸೆದದ್ದೂ ಒಂದೇ ಅಲ್ಲವಲ್ಲ.

"ಹಂಗಾದ್ರೆ ತಪ್ಪೋದೇ ಇಲ್ವಾ?" ಅಂದರು ಅಪ್ಪಯ್ಯ.

ತಪ್ಪುತ್ತದೆ. 2018-19ರಲ್ಲಿ ಟ್ಯಾಂಪಾ ಬೇ 82 ಪಂದ್ಯಗಳಲ್ಲಿ 62 ಗೆದ್ದಿತ್ತು. ಮೊದಲ ಸುತ್ತಿನಲ್ಲೇ ಕೊಲಂಬಸ್ ಎದುರು ಸಾಲಾಗಿ ನಾಲ್ಕು ಸೋತು ಮನೆಗೆ ಹೋಯಿತು.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಲೋಟ ಕೆಳಗಿಟ್ಟ ಶಬ್ದ ಕೇಳಿತು.

"ಅಡಿಕೆಗೆ ಕೊಳೆ ರೋಗ ಬಂದಂಗೆ," ಅಂದರು. "ಮದ್ದು ಹೊಡೆದಿದ್ರೂ."