ಒತ್ತಕ್ಷರದ ಅಡಿ ಹೊಲಿಗೆ

ಮಂಗಳವಾರ, 14 ಅಕ್ಟೋಬರ್ 2025

'ಅಮ್ಮ' ಅನ್ನೋ ಎರಡೇ ಅಕ್ಷರ ಇವತ್ತು ನನ್ನ ಇಡೀ ಸಂಜೆ ನುಂಗಿತು.

ಎಂಬ್ರಾಯ್ಡರಿ ಮಷಿನ್‌ನಲ್ಲಿ ಟವೆಲ್ ಮೇಲೆ ಹೊಲಿಯಬೇಕಿತ್ತು. ಟವೆಲ್‌ನ ಎಳೆಗಳು ದಾರದ ನಡುವೆ ಇಣುಕಬಾರದು ಅಂತ ಇಡೀ ಪದಕ್ಕೆ ಅಂಡರ್‌ಲೇ, ಅಂದರೆ ಮೇಲಿನ ಹೊಲಿಗೆಗೆ ಮೊದಲು ಹಾಕುವ ಅಡಿ ಹೊಲಿಗೆ, ಕೊಟ್ಟೆ: ಅಂಚಿನ ಪಕ್ಕ ಓಡುವ ಎಡ್ಜ್ ರನ್, ಅದರ ಮೇಲೆ ಅಂಕುಡೊಂಕಾಗಿ ಎರಡು ಸಲ ಹೋಗುವ ಡಬಲ್ ಜಿಗ್‌ಜಾಗ್. ನೀರಲ್ಲಿ ಕರಗುವ ಹಾಳೆಯನ್ನೂ ಮೇಲೆ ಹಾಸಿದ್ದೆ. 'ಅ' ಚೆನ್ನಾಗಿ ಬಂತು. 'ಮ' ಕೂಡ. ಒತ್ತಿಗೆ ಬಂದ ಕೂಡಲೇ ಮಷಿನ್ ಸದ್ದೇ ಬದಲಾಯಿತು. ದಾರ ಎರಡು ಸಲ ಕಿತ್ತುಹೋಯಿತು. ಬಟ್ಟೆ ಬಿಗಿದಿದ್ದ ಹೂಪ್ ಬಿಚ್ಚಿ ಬೆರಳಾಡಿಸಿದರೆ ಒತ್ತು ಕಲ್ಲಿನ ಹಾಗೆ ಗಟ್ಟಿ. ಒಳಗಿನ ಸಂದು ಮುಚ್ಚಿಹೋಗಿತ್ತು. ಕೆಳಗಿನ ಜಿಗ್‌ಜಾಗ್‌ನ ಮೊನೆಗಳು ಸ್ಯಾಟಿನ್ (ಗೆರೆಯನ್ನು ದಟ್ಟವಾಗಿ ತುಂಬುವ ಮೇಲಿನ ಹೊಲಿಗೆ) ಅಂಚು ದಾಟಿ ಹೊರಗೆ ಚಾಚಿದ್ದವು.

ಫೋಟೋ ಕಳಿಸಿದ ತಕ್ಷಣ ಅಕ್ಕನ ಫೋನ್ ಬಂತು.

"ಒತ್ತಿನ ಗೆರೆ ಎಷ್ಟು ಅಗಲ ಇದೆ, ಅಳೆದ್ಯಾ?"

ಅಳೆದಿರಲಿಲ್ಲ. 'ಮ' ಗೆರೆ 3.5 ಮಿ.ಮೀ., ಒತ್ತಿನದು ಬರೀ 1.2.

"ಅಷ್ಟು ಸಣ್ಣ ಜಾಗದಲ್ಲಿ ಜಿಗ್‌ಜಾಗ್ ಎಲ್ಲಿ ಕೂರುತ್ತೆ ಹೇಳು? ನಡುವೆ ಒಂದು ಸೆಂಟರ್ ರನ್ ಓಡಿಸು, ಸಾಕು. 1 ಮಿ.ಮೀ.ಗಿಂತ ಕಡಿಮೆ ಇದ್ರೆ ಅದೂ ಬೇಡ."

"ಟವೆಲ್‌ನಲ್ಲಿ ಮುಳುಗಿ ಹೋಗಲ್ವಾ ಅಕ್ಕ?"

"ಹಾಗನ್ಸಿದ್ರೆ ಒತ್ತನ್ನೇ ಸ್ವಲ್ಪ ದಪ್ಪ ಮಾಡು. ಇಲ್ಲಾ ಟವೆಲ್ ಬಣ್ಣದ ದಾರದಲ್ಲೇ ಪದದ ಹಿಂದೆ ತೆಳುವಾಗಿ ಬಲೆ ಹಾಕು, ಎಳೆ ಮಲಗುತ್ತೆ. ಒತ್ತಿನ ಕೆಳಗೆ ದಾರ ತುಂಬಬೇಡ."

ಅಂಡರ್‌ಲೇ ಬಟ್ಟೆಯನ್ನು ಅದರ ಕೆಳಗೆ ಇಡುವ ಸ್ಟೆಬಿಲೈಸರ್ ಹಾಳೆಗೆ ಕಟ್ಟಿ ಹಿಡಿಯುತ್ತೆ, ಸ್ಯಾಟಿನ್ ಎಳೆದಾಗ ಅಂಚು ಒಳಗೆ ಸರಿಯದ ಹಾಗೆ ತಡೆಯುತ್ತೆ. ಇದು ನನಗೆ ಗೊತ್ತಿತ್ತು. ಆದರೆ ಇಷ್ಟು ದಿನ ಬಟ್ಟೆ ನೋಡಿ ಆರಿಸುತ್ತಿದ್ದೆ, ಗೆರೆಯ ಅಗಲ ನೋಡುತ್ತಲೇ ಇರಲಿಲ್ಲ. ನಮ್ಮ ಅಕ್ಷರಗಳಲ್ಲಿ ಒಂದೇ ಪದದೊಳಗೆ ಎರಡು ಅಳತೆ ಇರುತ್ತೆ ಅಲ್ವಾ? ಸಾಫ್ಟ್‌ವೇರ್‌ನಲ್ಲಿ ಇಡೀ ಪದಕ್ಕೆ ಒಂದೇ ಸೆಟ್ಟಿಂಗ್ ಕೊಟ್ಟರೆ ಪೆಟ್ಟು ಬೀಳೋದು ಒತ್ತಿಗೇ.

ಟವೆಲ್ ಹಾಳಾಯಿತು. ತುಂಬಾ ಬೇಜಾರಾಗಿದೆ. ಅಮ್ಮನಿಗೆ ಇಷ್ಟವಾದ ಬಣ್ಣ ಅದು.

ಊಟ ಆದ ಮೇಲೆ ಹಳೇ ಟವೆಲ್ ತುಂಡಿನ ಮೇಲೆ ಮತ್ತೆ ಹೊಲಿದೆ. ಒತ್ತನ್ನು ಬೇರೆ ಮಾಡಿ 1.6 ಮಿ.ಮೀ.ಗೆ ಹಿಗ್ಗಿಸಿದೆ. ಬರೀ ಸೆಂಟರ್ ರನ್, ಹೊಲಿಗೆ ಉದ್ದ 2 ಮಿ.ಮೀ., ತಿರುವಿನಲ್ಲಿ 1.5. ಈ ಸಲ ಮಷಿನ್ ಸದ್ದು ಎಲ್ಲೂ ಬದಲಾಗಲಿಲ್ಲ. ಒತ್ತಿನ ಒಳಗಿನ ಸಂದು ಕಾಣಿಸಿತು!

ನಾಳೆ 'ಶ್ರೀ' ಇದೆ. ಆ ರ ಒತ್ತಿನ ಬಾಲ ಹೊಟ್ಟೆಯಲ್ಲಿ ದಪ್ಪ, ತುದಿಗೆ ಹೋಗ್ತಾ ಕೂದಲಿನಷ್ಟು ಸಣ್ಣ. ಅಲ್ಲಿ ಸೆಂಟರ್ ರನ್ ಎಲ್ಲಿಗೆ ನಿಲ್ಲಿಸಬೇಕು?